ದಿನಕ್ಕೆ ಮೂವತ್ತು

ಈ ಊರಲ್ಲಿ ಮೊದಲೆಲ್ಲ ಬರೀ ಚಾಕು ಮಾಡುತ್ತಿದ್ದರಂತೆ.
ಶೆಫೀಲ್ಡಿಗೆ ಬಂದ ವಾರವೇ ಯಾರೋ ಹೇಳಿದಾಗ
ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೆ.
ಆರು ತಿಂಗಳು ಆಗ.

ಹುಟ್ಟಿದವನ ರಕ್ತಕ್ಕೆ ನಿಲ್ಲುವುದು ಗೊತ್ತಿರಲಿಲ್ಲ.
ಆಶ್ಚರ್ಯ ಅವರಿಗೆ, ನನಗಲ್ಲ.
ಹಿರಿಯೂರಿನ ಜಗಲಿಯ ಮೇಲೆ
ನಮ್ಮಣ್ಣ ಚಿದಾನಂದನ ಮೊಣಕಾಲು ಕಂಡವಳು ನಾನು,
ತೆಂಗಿನಕಾಯಿಯಷ್ಟು ಊದಿ, ಮುಟ್ಟಿದರೆ ಸುಡುತ್ತಿದ್ದದ್ದು.
ಅದೇ ನನ್ನೊಳಗೆ ಕೂತು, ಟಿಕೆಟ್ಟಿಲ್ಲದೆ,
ಕಡಲು ದಾಟಿತ್ತು.

ಮನೆಯನ್ನು ಹತ್ತಿ ಮಾಡಿದೆ.
ಮೇಜಿನ ಮೂಲೆಗೆ ಸ್ಪಂಜು, ಮೆಟ್ಟಿಲಿಗೆ ಗೇಟು,
ಗೇಟಿಗೆ ಹಳೇ ಸೀರೆ.
ಸುಮುಖ ಆಡಿದ ಮೊದಲ ಮಾತು 'ಅಮ್ಮ' ಅಲ್ಲ,
'ಹುಸಾಲು'.
ಗೋಡೆಗೆ ಹೇಳುತ್ತಿದ್ದ. ಬೆಕ್ಕಿಗೆ ಹೇಳುತ್ತಿದ್ದ.
ಕಿಟಕಿಯಾಚೆ ಇಳಿಜಾರಲ್ಲಿ ಉದುರುವ ಹಿಮಕ್ಕೂ.

ವಾಕ್ಲಿಯ ಬೀದಿಗಳೆಂದರೆ ಗೋಡೆಗೆ ಒರಗಿಸಿದ ಏಣಿಗಳು.
ಅವನು ಹತ್ತಲಿಲ್ಲ, ಎತ್ತಿಕೊಂಡು ನಾನೇ ಹತ್ತಿದೆ
ಏಳು ತುಂಬಿದ ಮೇಲೂ.
ಬಸ್ ಸ್ಟಾಪಿನ ಮುದುಕಿ ಕೇಳಿದಳು,
"ಮಗೂಗೆ ಕಾಲಿಲ್ವಾ, ಲವ್?"

ದಿನ ಬಿಟ್ಟು ದಿನ, ಬೆಳಿಗ್ಗೆ,
ಫ್ರಿಜ್ಜಿನಿಂದ ಫ್ಯಾಕ್ಟರಿನ ಪುಟ್ಟ ಬಾಟಲಿ.
ಅಂಗೈಯಲ್ಲಿ ಬೆಚ್ಚಗಾಗಿಸಿ, ಕುಲುಕದೆ, ಮೆಲ್ಲಗೆ ತಿರುಗಿಸಿ,
ನಾಳ ಹುಡುಕಿ, ಉಸಿರು ಹಿಡಿದು...
ಎರಡು ವರ್ಷ ಒಂದು ಕೀಲೂ ಊದಲಿಲ್ಲ.
ಗೆದ್ದೆ ಅಂದುಕೊಂಡೆ.

ಒಂಬತ್ತಕ್ಕೆ ಮೂಳೆಯ ಸ್ಕ್ಯಾನ್.
ಅಲುಗದೆ ಮಲಗಿದ. ಅದು ಅವನಿಗೆ ಚೆನ್ನಾಗಿ ಬರುತ್ತದೆ.
ಪರದೆಯ ಮೇಲೆ ಮೂಡಿದ ಹುಡುಗ
ಗಾಜಿನ ಮೇಲೆ ಊದಿದ ಉಸಿರಿನ ಹಾಗೆ.
ಮೈನಸ್ ಎರಡು ಪಾಯಿಂಟ್ ಒಂದು.

ಫಿಸಿಯೋ ಬ್ರಿಜೆಟ್ ಬೈಯಲಿಲ್ಲ.
"ನೆಲ ಮಾತಾಡಿಸಿದರೆ ಮೂಳೆ ಬೆಳೆಯುತ್ತೆ," ಅಂದಳು,
"ಇವನ ಮೂಳೆಯನ್ನು ಯಾರೂ ಮಾತಾಡಿಸಿಲ್ಲ."
ಚೀಟಿಯಲ್ಲಿ ಬರೆದಳು: ವಿಟಮಿನ್ ಡಿ. ಹಾಲು.
ಕೆಳಗಿನ ಮೆಟ್ಟಿಲಿಂದ ಜಿಗಿತ, ದಿನಕ್ಕೆ ಮೂವತ್ತು.
ಫ್ಯಾಕ್ಟರ್ ಕೊಟ್ಟ ಬೆಳಿಗ್ಗೆಯೇ ಶುರುವಾಗಲಿ.
ನೀವೇ ಎಣಿಸಿ.

ಟ್ರಾಮಿನಲ್ಲಿ ಆ ಚೀಟಿಯನ್ನು ಮಡಿಸಿದೆ, ಮಡಿಸಿದೆ,
ಮಾತ್ರೆಯಷ್ಟಾಗುವವರೆಗೆ.
ರಕ್ತ ಕಾಯುತ್ತಾ ಕೂತವಳು ನಾನು.
ಮೂಳೆಯನ್ನು ಕದ್ದವಳೂ ನಾನೇನಾ?

ಕೆಳಗಿನ ಮೆಟ್ಟಿಲು. ಒಂದು ಗೇಣು ಎತ್ತರ.
ಅವನು ನೆಲ ನೋಡಿದ, ನನ್ನ ನೋಡಿದ.
ಹಲ್ಲಿನ ತನಕ ಬಂದಿತ್ತು ಆ ಮಾತು. ಕಚ್ಚಿದೆ.
ಧಪ್.
ಓಡಿಹೋಗಿ ಮೊಣಕಾಲು ಮುಟ್ಟಿದೆ. ತಣ್ಣಗಿತ್ತು.
"ಅಮ್ಮ," ಅಂದ, ಏನೋ ಕಂಡುಹಿಡಿದವನಂತೆ,
"ನೆಲ ಗಟ್ಟಿ ಇದೆ."

ಅಣ್ಣನಿಗೆ ಅದನ್ನು ಯಾರೂ ಹೇಳಿರಲಿಲ್ಲ.
ಹುಡುಗಿಯರು ನಾವು ಕುಂಟೆಬಿಲ್ಲೆ ಆಡುವಾಗ
ಜಗಲಿಯ ಮೇಲೆ ಕೂತು ಅವನೇ ಅಂಪೈರು.
ಬೆರಳ ತುದಿ ಸೋಕಿದರೂ ಕಾಣುತ್ತಿತ್ತು ಅವನಿಗೆ:
"ಗೆರೆ ತುಳಿದೆ, ಔಟ್!"
ಮೂವತ್ತನಾಲ್ಕಕ್ಕೆ ಬಚ್ಚಲಲ್ಲಿ ಜಾರಿದ.
ಒಳಗೆ ಹರಿದದ್ದು ರಕ್ತವೋ, ಮುರಿದದ್ದು ಮೂಳೆಯೋ
ಯಾರೂ ಕೇಳಲಿಲ್ಲ.
ನಾನೂ.

ಏಪ್ರಿಲ್ಲಿನಲ್ಲಿ ಸ್ವಲ್ಪ ಬಿಸಿಲು.
ಬ್ರಿಜೆಟ್ ಹೂಂ ಅಂದ ಮೇಲೆ, ಬೀದಿಯಲ್ಲಿ ಚಾಕು ಅಲ್ಲ,
ಚಾಕ್‌ಪೀಸು ಹಿಡಿದು ಕೂತೆ.
ಇಳಿಜಾರಿಗೆ ಬಿಲ್ಲೆ ನಿಲ್ಲದೆ ಜಾರಿತು;
ಹಿತ್ತಲಿನ ಓಣಿಯಲ್ಲಿ ಸಮ ಜಾಗ ಹುಡುಕಿ
ಎಂಟು ಮನೆ ಬರೆದೆ.
ಚಾವಣಿಯಿಂದ ಬಿದ್ದ ಸ್ಲೇಟಿನ ಚೂರೇ ಬಿಲ್ಲೆ.
ಪಕ್ಕದ ಮನೆಯ ಓರ್ಲಾ ಕೇಳದೆಯೇ ಸೇರಿಕೊಂಡಳು.

ಇಪ್ಪತ್ತೆಂಟು. ಇಪ್ಪತ್ತೊಂಬತ್ತು.
ಮೂವತ್ತಕ್ಕೆ ಅವನ ಹಿಮ್ಮಡಿ ವಾಲಿತು.
ಬಾಯಿ ತೆರೆದೆ. ಬಂದದ್ದು 'ಹುಷಾರು' ಅಲ್ಲ:
"ಗೆರೆ ತುಳಿದೆ, ಔಟ್!"

"ತುಳಿದಿಲ್ಲ!" ಸುಮುಖ ಕಿರುಚಿದ,
ಸಿಟ್ಟಿಗೆ ನೆಲಕ್ಕೊಮ್ಮೆ ಕಾಲು ಅಪ್ಪಳಿಸಿದ.
ಅದನ್ನೂ ಎಣಿಸಿದೆ.